ಒಲ್ಲೆ ಅನ್ನಲಿಕ್ಕೆ ಕಾಲೂರುವ ನೆಲ: 'ಪೀಸ್ ಶಲ್ ಡೆಸ್ಟ್ರಾಯ್ ಮೆನಿ' ಕಾದಂಬರಿಯ ಒಂದು ಗಡಿನಾಡ ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಕೊನೆಯಲ್ಲಿ ಸಂವಾದದ ಒಂದು ಭಾಗವನ್ನೂ ಸೇರಿಸಿದೆ.)

ನನ್ನ ದನಿ ಕೇಳ್ತಿದೆ ಅಂದ್ಕೊಳ್ತೀನಿ. ಊರಿಂದ ಮಾತಾಡ್ತಿದ್ದೀನಿ, ಇಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಮಧ್ಯೆ ನಿಂತರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಗಡಿನಾಡ ಕನ್ನಡದ ಬಗ್ಗೆ ನಡೀತಿರೋ ಗೋಷ್ಠಿಯಲ್ಲಿ ಕೆನಡಾದ ಇಂಗ್ಲಿಷ್ ಕಾದಂಬರಿಯೊಂದನ್ನು ಯಾಕೆ ಎತ್ಕೊಂಡೆ ಅಂತ ನಮ್ಮ ಮಾರ್ಗದರ್ಶಕರೇ ಮೊದಲು ಕೇಳಿದ್ದರು. ಉತ್ತರ ನನ್ನ ಊರಿನಲ್ಲೇ ಇದೆ. ನಾನು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯವಳು. ಕೃಷ್ಣಾ ನದಿ ದಾಟಿದರೆ ರಾಯಚೂರು ಸೀಮೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ನದಿಯ ಆ ದಂಡೆ ಮೈಸೂರಿಗೆ ಹೋಯಿತು, ಈ ದಂಡೆ ಆಂಧ್ರಕ್ಕೆ ಬಂತು. ನಮ್ಮದು ಕ್ರೈಸ್ತ ಮನೆತನ. ಮನೆ ಮಾತು ಕನ್ನಡ, ಸಭೆಯ ಪ್ರಾರ್ಥನೆ ತೆಲುಗು, ಕಾಲೇಜಿನ ಪಾಠ ಇಂಗ್ಲಿಷ್. ಈ ಸೀಮೆಯ ಕ್ರೈಸ್ತರ ಚರಿತ್ರೆ ಬರೆಯುವವರು 'ಮೆನ್ನೊನೈಟ್' ಅನ್ನುವ ಹೆಸರನ್ನು ಬಿಟ್ಟು ಬರೆಯಲಾಗದು. 1889ರಲ್ಲಿ ರಷ್ಯಾದಿಂದ ಅಬ್ರಹಾಂ ಫ್ರೀಸನ್ ದಂಪತಿ ಭಾರತಕ್ಕೆ ಬಂದು ನಲ್ಗೊಂಡದಲ್ಲಿ ನೆಲೆಸಿದರು. ಆಮೇಲೆ ಅಮೆರಿಕದ ಮೆನ್ನೊನೈಟ್ ಬ್ರದರೆನ್ ಮಿಷನ್‌ನವರು ಮೆಹಬೂಬ್‌ನಗರದ ಸುತ್ತ ಶಾಲೆ, ದವಾಖಾನೆ, ಸಭೆಗಳನ್ನು ಕಟ್ಟಿದರು. ಜಡ್ಚರ್ಲದ ಮಿಷನ್ ಆಸ್ಪತ್ರೆ ನಮ್ಮ ಕಡೆ ಹಿರಿಯರೆಲ್ಲರಿಗೂ ಗೊತ್ತು.

ಈ ಹೆಸರಿನ ಹಿಂದೆ ಇನ್ನೊಂದು ಕಥೆ ಇದೆ ಅಂತ ನನಗೆ ತಿಳಿದದ್ದು ಎಂ.ಎ.ಗೆ ಸೇರಿದ ಮೇಲೆ. ಮೆನ್ನೊನೈಟರು ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳಿಂದ 'ಯುದ್ಧಕ್ಕೆ ಬರೋದಿಲ್ಲ, ಆಯುಧ ಹಿಡಿಯೋದಿಲ್ಲ' ಅಂತ ಹೇಳ್ತಾ ಬಂದವರು. ಹಾಗೆ ಹೇಳಿದ್ದಕ್ಕೇ ದೇಶದಿಂದ ದೇಶಕ್ಕೆ ಅಲೆದವರು. ಅವರ ಬಗ್ಗೆ ಓದಲು ಹೊರಟಾಗ ಕೈಗೆ ಸಿಕ್ಕಿದ್ದು ರೂಡಿ ವೀಬ್ ಅವರ ಮೊದಲ ಕಾದಂಬರಿ, 1962ರಲ್ಲಿ ಪ್ರಕಟವಾದ 'ಪೀಸ್ ಶಲ್ ಡೆಸ್ಟ್ರಾಯ್ ಮೆನಿ'. ಶಾಂತಿಯೇ ಹಲವರನ್ನು ನಾಶಮಾಡೀತು ಅನ್ನೋದು ಶೀರ್ಷಿಕೆಯ ಅರ್ಥ. ಬೈಬಲಿನ ದಾನಿಯೇಲನ ಪುಸ್ತಕದ 8ನೆಯ ಅಧ್ಯಾಯದಿಂದ ಬಂದದ್ದು. ಶಾಂತಿಯನ್ನೇ ಧರ್ಮ ಮಾಡಿಕೊಂಡವರ ಬಗ್ಗೆ ಅವರ ನಡುವೆಯೇ ಹುಟ್ಟಿದವನೊಬ್ಬ ಇಂಥ ಹೆಸರಿಟ್ಟು ಬರೆದ ಅಂದರೆ, ಮಾತು ಸುಮ್ಮನೆ ಬಂದದ್ದಲ್ಲ.

ಹಿನ್ನೆಲೆ

ಸ್ವಲ್ಪ ಹಿನ್ನೆಲೆ ಹೇಳಿ ಮುಂದೆ ಹೋಗ್ತೀನಿ. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವು ಯುವಕರು, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ, ತಿಳಿವಳಿಕೆ ಬಂದ ಮೇಲೆ ತಾನೇ ನಂಬಿ ತಾನೇ ಒಪ್ಪಿ ಪಡೆಯಬೇಕು ಅಂತ ಹಟ ಹಿಡಿದರು. ಮುಂದೆ ಮೆನ್ನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆ ಬಿಟ್ಟು ಈ ಪಂಥದ ನಾಯಕನಾದ. ಅವನ ಹೆಸರೇ ಪಂಥಕ್ಕೆ ಉಳಿಯಿತು. ಯೇಸುವಿನ ಪರ್ವತ ಪ್ರಸಂಗವನ್ನು ಅಕ್ಷರಶಃ ಪಾಲಿಸಬೇಕು, ಶತ್ರುವಿನ ಮೇಲೂ ಕೈ ಮಾಡಬಾರದು ಅನ್ನೋದು ಇವರ ನಂಬಿಕೆಯ ಬೆನ್ನೆಲುಬು. 18ನೆಯ ಶತಮಾನದ ಕೊನೆಗೆ ರಷ್ಯಾದ ದಕ್ಷಿಣದ ಹುಲ್ಲುಗಾವಲುಗಳಿಗೆ ಹೋದರು. ಅಲ್ಲಿ ಕಡ್ಡಾಯ ಸೇನಾಸೇವೆಯ ಮಾತು ಬಂದಾಗ, 1874ರಿಂದ ಸಾವಿರಾರು ಜನ ಕೆನಡಾ, ಅಮೆರಿಕಕ್ಕೆ ಹೊರಟರು. ರಷ್ಯಾದ ಕ್ರಾಂತಿ, ಬರ, ದಂಗೆಗಳ ನಂತರ 1920ರ ದಶಕದಲ್ಲಿ ಇನ್ನೂ ಸುಮಾರು 20,000 ಮಂದಿ ಕೆನಡಾಕ್ಕೆ ಬಂದರು.

ವೀಬ್ ಹುಟ್ಟಿದ್ದು 1934ರಲ್ಲಿ, ಸಸ್ಕ್ಯಾಚವಾನ್ ಪ್ರಾಂತದ ಕಾಡಂಚಿನ ಇಂಥದೇ ಒಂದು ವಸಾಹತಿನಲ್ಲಿ. ಮನೆಯಲ್ಲಿ ಆಡುನುಡಿಯಾದ ಲೋ ಜರ್ಮನ್, ಸಭೆಯಲ್ಲಿ ಗ್ರಾಂಥಿಕವಾದ ಹೈ ಜರ್ಮನ್, ಶಾಲೆಗೆ ಹೋದ ಮೇಲೆ ಇಂಗ್ಲಿಷ್. ನಮ್ಮ ಮನೆಯ ಲೆಕ್ಕವೇ. ಈ ಕಾದಂಬರಿಯನ್ನು ಅವರು ಮೊದಲು ಬರೆದದ್ದು ಆಲ್ಬರ್ಟಾ ವಿಶ್ವವಿದ್ಯಾಲಯಕ್ಕೆ ತಮ್ಮ ಸ್ನಾತಕೋತ್ತರ ಪ್ರಬಂಧವಾಗಿ. ಪ್ರಬಂಧ ಬರೆಯಲು ಕೂತಿರುವ ನಮ್ಮಂಥವರಿಗೆ ಇದೊಂದು ಧೈರ್ಯದ ಮಾತು. ಪುಸ್ತಕ ಬಂದಾಗ ವೀಬ್ ವಿನಿಪೆಗ್‌ನಲ್ಲಿ ತಮ್ಮ ಪಂಥದ ಪತ್ರಿಕೆಯೊಂದರ ಸಂಪಾದಕರು. ಸಮುದಾಯ ಸಿಟ್ಟಾಯಿತು. 1963ರಲ್ಲಿ ಅವರು ಆ ಹುದ್ದೆ ಬಿಡಬೇಕಾಯಿತು.

ಹೊಲದ ಮೇಲೆ ವಿಮಾನ

ಕಾದಂಬರಿಯ ಕಾಲ 1944. ಊರು ವಾಪಿಟಿ ಎಂಬ ಕಲ್ಪಿತ ವಸಾಹತು. ವಸಂತದಿಂದ ಚಳಿಗಾಲದವರೆಗೆ ನಾಲ್ಕು ಋತುಗಳಲ್ಲಿ ಕಥೆ ಸಾಗುತ್ತದೆ. ಮೊದಲಿಗೆ ಥಾಮ್ ವೀನ್ಸ್ ಎಂಬ ಹುಡುಗ ಹೊಲ ಉಳ್ತಿದ್ದಾನೆ. ತಲೆಯ ಮೇಲೆ ವಾಯುಸೇನೆಯ ವಿಮಾನಗಳು ಹಾದುಹೋಗ್ತವೆ. ಯುದ್ಧ ಯುರೋಪಿನಲ್ಲಿ, ಸಾವಿರಾರು ಮೈಲಿ ದೂರ. ಆದರೆ ಅದರ ಸದ್ದು ನೇಗಿಲ ಸಾಲಿಗೆ ಬಂದು ಬಿದ್ದಿದೆ. ಥಾಮ್‌ನ ವಯಸ್ಸಿನ ಹುಡುಗರಿಗೆ ಸರ್ಕಾರದ ಕರೆ ಬರುವ ಹೊತ್ತು.

ಕೆನಡಾದಲ್ಲಿ 1940ರ ಕಾಯಿದೆಯ ಮೇರೆಗೆ ಯುವಕರ ನೋಂದಣಿ ನಡೆದಿತ್ತು. ಧರ್ಮದ ಕಾರಣಕ್ಕೆ ಆಯುಧ ಒಲ್ಲೆವೆಂದವರು 10,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮೆನ್ನೊನೈಟರು. ಇವರಿಗೆ ಕಾಡಿನಲ್ಲಿ ಗಿಡ ನೆಡುವ, ರಸ್ತೆ ಮಾಡುವ, ಬೆಂಕಿ ಆರಿಸುವ ಬದಲಿ ಕೆಲಸ ಕೊಟ್ಟರು. ಆದರೆ ಅದೇ ಸಮುದಾಯದ ಸಾವಿರಾರು ಹುಡುಗರು ಸಮವಸ್ತ್ರ ತೊಟ್ಟದ್ದೂ ಉಂಟು. ಕಾದಂಬರಿಯಲ್ಲಿ ಹ್ಯಾಂಕ್ ಉಂಗರ್ ವಾಯುಸೇನೆ ಸೇರಿದವನು. ಅವನ ಮನೆಯವರು ಊರಿನ ಮುಂದೆ ತಲೆ ತಗ್ಗಿಸಬೇಕು.

ಥಾಮ್‌ನ ಸಂಕಟ ಏನು? ಯುದ್ಧಕ್ಕೆ ಹೋಗಬೇಕೋ ಬೇಡವೋ ಅನ್ನೋದಕ್ಕೆ ಅವನ ಸಮುದಾಯ ಉತ್ತರವನ್ನು ಮೊದಲೇ ಬರೆದಿಟ್ಟಿದೆ: ಬೇಡ. ಆ ಉತ್ತರವೇ ಅವನಿಗೆ ತೊಡಕು. ಸ್ವಂತ ನಿರ್ಧಾರವೇ ದೀಕ್ಷೆಗೆ ಅರ್ಹತೆ ಅಂತ ಹೇಳಿ ಹುಟ್ಟಿದ ಪಂಥದಲ್ಲಿ ನಂಬಿಕೆ ಈಗ ಹೊಲ ಮನೆಯ ಹಾಗೆ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಾಗಿದೆ. ನಾನು ಬಂದೂಕು ಹಿಡಿಯದೇ ಇರೋದು ಯೇಸು ಹೇಳಿದ್ದಕ್ಕೋ, ಡೀಕನ್ ಹೇಳಿದ್ದಕ್ಕೋ? ಇದು ಅವನ ಪ್ರಶ್ನೆ. ಹಿಂದೆಯೇ ಇನ್ನೊಂದು ಬರುತ್ತದೆ. ಯುದ್ಧದಿಂದ ಧಾನ್ಯಕ್ಕೆ, ಮಾಂಸಕ್ಕೆ ಬೆಲೆ ಬಂದಿದೆ. ನಾವು ಬೆಳೆದದ್ದು ಸೈನಿಕರ ತಟ್ಟೆಗೇ ಹೋಗ್ತದೆ. ಹಾಗಿದ್ದಮೇಲೆ ನಮ್ಮ ಕೈ ಶುದ್ಧವಾಗಿದೆ ಅನ್ನೋದು ಹೇಗೆ?

ಮಾತೇ ಬೇಲಿ

ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಆಡುವವನು ಊರ ಶಾಲೆಯ ಮೇಷ್ಟ್ರು ಜೋಸೆಫ್ ಡ್ಯೂಕ್. ಯುವಜನರ ಒಂದು ಕೂಟದಲ್ಲಿ ಅವನು ಮಾತಾಡಬೇಕು. ಅಲ್ಲಿ ಮೆಟೀ ಮಕ್ಕಳೂ ಬಂದಿದ್ದಾರೆ. ಮೆಟೀ ಅಂದರೆ ಅಲ್ಲಿನ ಮೂಲನಿವಾಸಿ ಮತ್ತು ಯುರೋಪಿಯನ್ ಸಂಬಂಧಗಳಿಂದ ಬೆಳೆದ ಜನಾಂಗ. ಊರಿನವರು ಅವರನ್ನು ಹೀನ ಹೆಸರಿನಿಂದಲೇ ಕರೀತಾರೆ. ಅವರಿಗೆ ಜರ್ಮನ್ ಬರೋದಿಲ್ಲ. ಜೋಸೆಫ್ ಇಂಗ್ಲಿಷಿನಲ್ಲಿ ಮಾತಾಡ್ತಾನೆ. ಡೀಕನ್ ಪೀಟರ್ ಬ್ಲಾಕ್‌ನಿಗೆ ಇದು ಸಹಿಸಲಾಗದ ಅಪರಾಧ.

ಇಡೀ ಕಾದಂಬರಿಯ ಗಂಟು ಇರೋದು ಇಲ್ಲಿ ಅಂತ ನನ್ನ ವಾದ. ವಿಮರ್ಶೆಗಳು ಸಾಮಾನ್ಯವಾಗಿ ಯುದ್ಧ ಮತ್ತು ಶಾಂತಿಯ ಪ್ರಶ್ನೆಯನ್ನು ಮುಂದಿಟ್ಟು, ಭಾಷೆಯ ಪ್ರಸಂಗವನ್ನು ಹಿರಿಯರ ಮತ್ತು ಕಿರಿಯರ ಜಗಳ ಅಂತ ಬದಿಗೆ ಸರಿಸ್ತವೆ. ಆದರೆ ಗಡಿಯಲ್ಲಿ ಹುಟ್ಟಿದ ಓದುಗರಿಗೆ ಅದು ಬದಿಯ ವಿಷಯವಾಗಿ ಕಾಣಲಾರದು. ಬ್ಲಾಕ್‌ಗೆ ಜರ್ಮನ್ ಬರೀ ಮಾತಲ್ಲ, ಬೇಲಿ. ಹೊರಗಿನ ಲೋಕದ ಯುದ್ಧ, ಕುಡಿತ, ಸಿನಿಮಾ ಯಾವುದೂ ಒಳಗೆ ಬಾರದ ಹಾಗೆ ಕಾಯುವ ಬೇಲಿ. ನಮ್ಮ ಶಾಂತಿ ಉಳಿದದ್ದು ನಮ್ಮ ಭಾಷೆಯಿಂದ ಅಂತ ಅವನು ನಂಬಿದ್ದಾನೆ, ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಅದೇ ಬೇಲಿಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಮೆಟೀ ಮನೆಗಳಿವೆ. ಪ್ರೀತಿಸಬೇಕಾದ ನೆರೆಯವನು ಯಾರು ಅಂತ ಕೇಳಿದರೆ ಯೇಸು ಸಮಾರ್ಯದವನ ಕಥೆ ಹೇಳಿದ. ಅದನ್ನು ಪ್ರತಿ ಭಾನುವಾರ ನೆರೆಯವನಿಗೆ ತಿಳಿಯದ ಭಾಷೆಯಲ್ಲಿ ಓದುತ್ತಿದ್ದರೆ ಹೇಗೆ?

ಜೋಸೆಫ್ ಊರು ಬಿಡ್ತಾನೆ. ಬಂದೂಕು ಹಿಡಿಯದೆ ಗಾಯಾಳುಗಳ ಸೇವೆ ಮಾಡುವ ವೈದ್ಯಕೀಯ ದಳಕ್ಕೆ ಸೇರ್ತಾನೆ. ಊರಿಗೆ ಅದೂ ದ್ರೋಹವೇ. ಥಾಮ್ ಉಳೀತಾನೆ, ಮೆಟೀ ಮಕ್ಕಳಿಗೆ ಬೈಬಲ್ ಪಾಠ ಹೇಳ್ತಾನೆ.

ಶಾಂತಿ ಕಾಯುವವನ ಕೈ

ಬ್ಲಾಕ್‌ನನ್ನು ವೀಬ್ ಖಳನಾಗಿ ಬರೆದಿಲ್ಲ. ಆ ಊರನ್ನು ಕಾಡು ಕಡಿದು ಕಟ್ಟಿದವನೇ ಅವನು. ಊರಿಗೆ ತಾನು ಹೊಣೆ ಅಂತ ಬದುಕಿದವನು. ಆದರೆ ಆ ಹೊಣೆ ಏನು ಮಾಡಿತು ನೋಡಿ. ಮಗಳು ಎಲಿಜಬೆತ್‌ಳನ್ನು ಕೇಳಿ ಬಂದ ವರ, ಹುಟ್ಟು ಸರಿಯಿಲ್ಲ ಅಂತ ತಿರಸ್ಕೃತನಾದ. ಅವಳು ಮದುವೆಯಿಲ್ಲದೆ ಅಪ್ಪನ ಹೊಲದಲ್ಲಿ ದುಡಿದು ಸವೆದಳು. ಕೊನೆಗೆ ಹೆರಿಗೆಯಲ್ಲಿ ಸತ್ತಾಗ, ಮಗುವಿನ ತಂದೆ ಮನೆಯ ಮೆಟೀ ಕೆಲಸಗಾರ ಅಂತ ಬ್ಲಾಕ್‌ಗೆ ತಿಳಿಯುತ್ತದೆ. ಆಮೇಲೆ ಅವನು ಮಾಡಿದ್ದು ಎರಡು ಕೆಲಸ: ಸಾವಿನ ಕಾರಣ ಮುಚ್ಚಿಟ್ಟ, ಮೆಟೀ ಕುಟುಂಬಗಳ ಜಮೀನು ಕೊಂಡು ಅವರನ್ನು ಊರಿಂದ ಸಾಗಹಾಕಿದ. ಒಂದು ಗುಂಡು ಹಾರಲಿಲ್ಲ. ಕಾಗದ ಪತ್ರ ಎಲ್ಲಾ ಸರಿಯಾಗಿತ್ತು. ಈ ಬ್ಲಾಕ್, ರಷ್ಯಾದ ಹಸಿವಿನ ದಿನಗಳಲ್ಲಿ ಮಗನನ್ನು ಬದುಕಿಸಲು ಒಬ್ಬ ಮನುಷ್ಯನನ್ನು ಹೊಡೆದು ಕೊಂದವನು. ತನ್ನ ಕೈಯ ರಕ್ತಕ್ಕೆ ಹೆದರಿಯೇ ಊರಿನ ಪ್ರತಿ ಕೈಯನ್ನೂ ಕಾಯುತ್ತಾ ಕೂತವನು.

ಕ್ರಿಸ್‌ಮಸ್ ಹೊತ್ತಿನ ಒಂದು ರಾತ್ರಿ, ಕೊಟ್ಟಿಗೆಯೊಂದರಲ್ಲಿ, ಕಾದಂಬರಿ ಮುಗಿಯುತ್ತದೆ. ಅಲ್ಲಿ ನಡೆಯುವ ಹೊಡೆದಾಟದಲ್ಲಿ ಥಾಮ್‌ನ ಕೈಯೂ ಎದ್ದುಬಿಡುತ್ತದೆ. ಯೇಸು ಹುಟ್ಟಿದ್ದು ಕೊಟ್ಟಿಗೆಯಲ್ಲಿ ಅನ್ನೋದನ್ನು ಓದುಗರು ಮರೆಯಲಾರರು. ಯುರೋಪಿಗೆ ಹೋಗದೆ ಉಳಿದ ಹುಡುಗ ತನ್ನ ಊರ ಕೊಟ್ಟಿಗೆಯಲ್ಲಿ ಯುದ್ಧವನ್ನು ಕಂಡ.

ಕನ್ನಡದ ಓದುಗರಿಗೆ ಇಲ್ಲಿ 'ಸಂಸ್ಕಾರ' ನೆನಪಾಗೋದು ಸಹಜ. ಅನಂತಮೂರ್ತಿ ಹುಟ್ಟಿದ್ದು 1932ರಲ್ಲಿ, ವೀಬ್ 1934ರಲ್ಲಿ. 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ, ಅಂದರೆ ಮೂರೇ ವರ್ಷ ಆಚೆ. ಎರಡರಲ್ಲೂ ಹೊರಗಿನವರಿಗೆ ಬಾಗಿಲು ಮುಚ್ಚಿದ ಊರು, ಧರ್ಮ ಕಾಯುವ ಹಿರಿಯ, ಒಂದು ಸಾವು, ಮುಚ್ಚಿಡಬೇಕಾದ ಒಂದು ಕೂಡಿಕೆ ಇವೆ. ಎರಡೂ ಲೇಖಕರು ಹುಟ್ಟಿದ ಸಮುದಾಯವನ್ನು ಕೆಣಕಿದರು. ಒಂದು ವ್ಯತ್ಯಾಸ ನನಗೆ ಮುಖ್ಯ. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ನಡೆಯಲು ತೊಡಗಿದಾಗ ಕಾದಂಬರಿ ಅವರ ಹಿಂದೆ ಹೋಗುತ್ತದೆ. ವೀಬ್ ಮಾತ್ರ ಬಿಟ್ಟು ಹೋದ ಜೋಸೆಫ್‌ನ ಹಿಂದೆ ಹೋಗೋದಿಲ್ಲ, ಉಳಿದ ಥಾಮ್‌ನ ಜೊತೆ ನಿಲ್ತಾರೆ. ಬಿಟ್ಟು ಹೋಗೋದಕ್ಕಿಂತ ಒಳಗೇ ಇದ್ದು ನಂಬೋದು ಕಷ್ಟ ಅನ್ನೋದನ್ನು ಈ ಆಯ್ಕೆ ಹೇಳ್ತದೆ.

ನೆಲದ ಪ್ರಶ್ನೆ

ಇಲ್ಲಿಂದ ಮುಂದಿನದು ನನ್ನ ತಕರಾರು. ಅದಕ್ಕೆ ಮನೆಯ ಒಂದು ವಿಷಯ ಹೇಳಬೇಕು.

ನಮ್ಮ ದೊಡ್ಡವ್ವನ ಮಗ, ನನಗೆ ಅಣ್ಣ, ಇಂಟರ್ ಮುಗಿಸಿ ಅಗ್ನಿವೀರನಾಗಿ ಸೇರಿದ. ಮನೆಯಲ್ಲಿ ಇರೋದು ಎರಡೆಕರೆ ಖುಷ್ಕಿ ಹೊಲ. ಮಳೆ ಬಂದರೆ ತೊಗರಿ, ಇಲ್ಲದಿದ್ದರೆ ಹೈದರಾಬಾದಿಗೆ ಕೂಲಿ. ಆಯ್ಕೆಯಾದ ದಿನ ಸಭೆಯಲ್ಲಿ ವಿಶೇಷ ಪ್ರಾರ್ಥನೆ ಆಯಿತು, ಮಿಠಾಯಿ ಹಂಚಿದರು. ನಾನು ಆಗಷ್ಟೇ ವೀಬ್ ಓದಿದ್ದೆ. ಓದಿದ ಸೊಕ್ಕಿನಲ್ಲಿ ಅಜ್ಜಿಯನ್ನು ಕೇಳಿದೆ: "ಅಜ್ಜಿ, ನಮ್ಮ ಕಡಿ ಸಭಾ ಕಟ್ಟಿದವ್ರು ಯುದ್ಧ ಪಾಪ ಅಂತಿದ್ರಂತ. ನೀ ಹ್ಯಾಂಗ ಒಪ್ಪಿದಿ?" ಅಜ್ಜಿ ಅಕ್ಕಿ ಆರಿಸ್ತಾ ತಲೆ ಎತ್ತದೆ ಅಂದಳು: "ಅವ ಹೊಟ್ಟಿಗಂತ ಹೊಂಟಾನವ್ವ, ಬಡದಾಡ್ಲಾಕಲ್ಲ."

ಈ ಒಂದು ಮಾತು ನನ್ನ ಪ್ರಬಂಧದ ದಿಕ್ಕನ್ನೇ ತಿರುಗಿಸಿತು. ಥಾಮ್ 'ಒಲ್ಲೆ' ಅನ್ನಬಲ್ಲ, ಯಾಕಂದ್ರೆ ಅವನ ಕಾಲ ಕೆಳಗೆ ನೆಲ ಇದೆ. ಕೆನಡಾ ಸರ್ಕಾರ ವಲಸೆ ಬಂದವರಿಗೆ ಹಂಚಿದ್ದು ತಲಾ 160 ಎಕರೆಯ ತುಂಡುಗಳನ್ನು. ಹೊಲ ಉಳುವವನಾಗಿ ಅವನು ದೇಶಕ್ಕೆ ಬೇಕಾದವನು. ಮನಸ್ಸಾಕ್ಷಿ ಆಕಾಶದಿಂದ ಇಳಿದು ಬರೋದಿಲ್ಲ, ಅದಕ್ಕೂ ಕಾಲೂರಲು ಜಾಗ ಬೇಕು. ಆ ಜಾಗ ಎಲ್ಲಿಂದ ಬಂತು? ಸಸ್ಕ್ಯಾಚವಾನ್ ಕ್ರೀ ಮತ್ತು ಮೆಟೀ ಜನರ ನಾಡು. 1885ರ ಮೇ ತಿಂಗಳಲ್ಲಿ ಬಟೋಶ್‌ನಲ್ಲಿ ಲೂಯಿ ರಿಯೆಲ್‌ನ ನಾಯಕತ್ವದ ಮೆಟೀ ಹೋರಾಟವನ್ನು ಕೆನಡಾದ ಸೈನ್ಯ ಅಡಗಿಸಿತು. ನವೆಂಬರಿನಲ್ಲಿ ರಿಯೆಲ್‌ನನ್ನು ಗಲ್ಲಿಗೇರಿಸಿದರು. ಅಂದರೆ ಶಾಂತಿವಾದಿಗಳಿಗೆ ಸಿಕ್ಕ ಹೊಲ, ಯುದ್ಧ ಗೆದ್ದುಕೊಟ್ಟ ಹೊಲ. ತಾವು ಆಯುಧ ಹಿಡಿಯಲಿಲ್ಲ ನಿಜ, ಬೇರೆಯವರು ಮೊದಲೇ ಹಿಡಿದು ಮುಗಿಸಿದ್ದರು.

ಬ್ಲಾಕ್ ಮೆಟೀ ಕುಟುಂಬಗಳನ್ನು ಕೊಂಡು ಹೊರಡಿಸುವ ಪ್ರಸಂಗದಲ್ಲಿ ಈ ಸತ್ಯ ಕಾದಂಬರಿಗೆ ಕೈಯಳತೆಯಲ್ಲಿದೆ. ಆದರೆ ವೀಬ್ ಅದನ್ನು ಬ್ಲಾಕ್ ಎಂಬ ಒಬ್ಬನ ಅಹಂಕಾರವಾಗಿ ನೋಡ್ತಾರೆ, ಇಡೀ ವಸಾಹತಿನ ಬುನಾದಿಯಾಗಿ ನೋಡೋದಿಲ್ಲ. ಮೆಟೀ ಪಾತ್ರಗಳು ತಮ್ಮ ಬಾಯಿಂದ ಹೇಳುವುದು ಬಹಳ ಕಡಿಮೆ. ಅವರು ಥಾಮ್‌ನ ಮನಸ್ಸಾಕ್ಷಿಯ ಪರೀಕ್ಷೆಗೆ ಬರ್ತಾರೆ, ಪರೀಕ್ಷೆ ಮುಗಿದ ಮೇಲೆ ಹೋಗ್ತಾರೆ. ಎಲಿಜಬೆತ್‌ಳ ಗತಿಯೂ ಹೆಚ್ಚುಕಡಿಮೆ ಹಾಗೇ. ಅವಳ ಸಾವಿನಿಂದ ಗಂಡಸರು ಏನು ಕಲಿತರು ಅಂತ ತಿಳಿಯುತ್ತದೆ, ಅವಳು ಏನು ನಂಬಿದ್ದಳು ಅಂತ ತಿಳಿಯೋದಿಲ್ಲ. ವಾಪಿಟಿ ಮಾಡಿದ ತಪ್ಪನ್ನು ತೋರಿಸುವ ಕಾದಂಬರಿ ಅದೇ ತಪ್ಪನ್ನು ಒಂದಷ್ಟು ತಾನೂ ಮಾಡ್ತದೆ. ಇದನ್ನು ಲೇಖಕರೇ ಅರಿತರು ಅನ್ನಲಿಕ್ಕೆ ಅವರ ಮುಂದಿನ ಬರವಣಿಗೆಯೇ ಸಾಕ್ಷಿ. 1973ರ 'ದಿ ಟೆಂಪ್ಟೇಷನ್ಸ್ ಆಫ್ ಬಿಗ್ ಬೇರ್' ಕಾದಂಬರಿಯಲ್ಲಿ ಅವರು ಕ್ರೀ ನಾಯಕನೊಬ್ಬನನ್ನೇ ನಡುವೆ ನಿಲ್ಲಿಸಿದರು. ಅದಕ್ಕೆ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂತು.

ಇಷ್ಟು ಹೇಳಿದ ಮೇಲೂ ಥಾಮ್‌ನ ಪ್ರಶ್ನೆ ಬಡವರಿಗೆ ಸಲ್ಲದು ಅಂತ ನಾನು ಕೈತೊಳೆದುಕೊಳ್ಳಲಾರೆ. 2025ರ ಮೇ 7ರಿಂದ 10ರವರೆಗೆ ಗಡಿಯಲ್ಲಿ ಕ್ಷಿಪಣಿ, ಡ್ರೋನುಗಳ ಸುದ್ದಿ ಬರ್ತಿದ್ದಾಗ ಅಣ್ಣನ ಫೋನು ಹತ್ತಲಿಲ್ಲ. ಮರುದಿನ ಭಾನುವಾರ. ಸಭೆಯಲ್ಲಿ ತೆಲುಗಿನಲ್ಲಿ ದೇಶದ ಗೆಲುವಿಗೆ ಪ್ರಾರ್ಥನೆ ನಡೆಯಿತು. ದೊಡ್ಡವ್ವ ಎಲ್ಲರ ಜೊತೆ ಆಮೆನ್ ಅಂದಳು. ರಾತ್ರಿ ಮನೆಯಲ್ಲಿ ದೀಪ ಆರಿಸಿದ ಮೇಲೆ ಕನ್ನಡದಲ್ಲಿ ಪ್ರಾರ್ಥಿಸಿದ್ದು ಮಾತ್ರ ಬೇರೆ. ತನ್ನ ಮಗ ತಿರುಗಿ ಬರಲಿ ಅಂದಳು. ಸ್ವಲ್ಪ ತಡೆದು, ಆ ಕಡೆಯ ತಾಯಂದಿರ ಮಕ್ಕಳೂ ತಿರುಗಿ ಬರಲಿ ಅಂದಳು. ಮೆನ್ನೊ ಸೈಮನ್ಸ್‌ನ ಹೆಸರು ಅವಳಿಗೆ ಗೊತ್ತಿಲ್ಲ.

ಯಾರೂ ಕಲಿಸದೆ ಅಷ್ಟು ದೂರ ಹೋದ ಆ ಪ್ರಾರ್ಥನೆಯನ್ನು ಯಾವ ಸಿದ್ಧಾಂತದಲ್ಲಿ ಇಡಲಿ? ನೆಲ ಇಲ್ಲದವರ ಮನಸ್ಸಾಕ್ಷಿ 'ಒಲ್ಲೆ' ಅನ್ನಲಾರದೇ ಹೋಗಬಹುದು. ಆದರೆ ಅದು ಸತ್ತಿರೋದಿಲ್ಲ. ವೀಬ್ ಅವರ ಕಾದಂಬರಿ ಇಲ್ಲದಿದ್ದರೆ ಆ ರಾತ್ರಿಯ ಮಾತು ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುತ್ತಿರಲಿಲ್ಲ.

ಇಲ್ಲಿಗೆ ನನ್ನ ಮಂಡನೆ ಮುಗಿಯಿತು.

ಸಂವಾದದಿಂದ

ಹಿರಿಯ ಅಧ್ಯಾಪಕರೊಬ್ಬರು ಕೇಳಿದರು: "ನೀನು ಬ್ಲಾಕ್‌ನ ಜರ್ಮನ್ ಬೇಲಿ ಅಂದೆಯಲ್ಲಮ್ಮಾ, ಹಾಗಾದರೆ ಗಡಿಯಲ್ಲಿ ಕನ್ನಡ ಶಾಲೆ ಉಳಿಸಿ ಅಂತ ನಾವು ಇಷ್ಟು ವರ್ಷ ಹೋರಾಡಿದ್ದೂ ಬೇಲಿಯೇ?"

ಸರ್, ಈ ಪ್ರಶ್ನೆಗೆ ಹೆದರಿಕೊಂಡೇ ಬಂದಿದ್ದೆ. ಅಲ್ಲ ಅಂತಲೇ ನನ್ನ ಉತ್ತರ. ಆದರೆ ಸುಲಭವಾಗಿ ಅಲ್ಲ ಅನ್ನಲಾರೆ. ನಮ್ಮೂರಿನ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೇ ನಾನು ಇವತ್ತು ಇಲ್ಲಿದ್ದೀನಿ. ಕನ್ನಡ ಉಳಿಯದಿದ್ದರೆ ದೊಡ್ಡವ್ವನ ಆ ಎರಡನೆಯ ಪ್ರಾರ್ಥನೆಗೆ ಬಾಯಿ ಇರ್ತಿರಲಿಲ್ಲ. ಹಾಗಾಗಿ ಭಾಷೆ ಉಳಿಸೋದೇ ತಪ್ಪು ಅಂತ ವೀಬ್ ಹೇಳ್ತಿದ್ದಾರೆ ಅಂತ ನಾನು ಓದೋದಿಲ್ಲ. ಜೋಸೆಫ್ ಕೂಡ ಜರ್ಮನ್ ಬಿಡಿ ಅನ್ನಲಿಲ್ಲ. ಎದುರಿಗೆ ಕೂತ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ ಅಂದ, ಅಷ್ಟೆ. ಮೆಟೀ ಮಕ್ಕಳು ಕೂತ ಜಾಗದಲ್ಲಿ ನಮ್ಮೂರಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡ್ಕೋಬೇಕು. ನಮ್ಮ ಕನ್ನಡ ಸಂಘದ ಸಭೆಗಳಿಗೆ ಎಲ್ಲಾ ಕೇರಿಯವರೂ ಬರ್ತಾರಾ? ಗ್ರಂಥದ ಕನ್ನಡ ಬಾರದವರು ಅಲ್ಲಿ ಬಾಯಿ ತೆಗೀತಾರಾ? ಹೌದು ಅನ್ನುವಷ್ಟು ದಿನ ನಮ್ಮ ಭಾಷೆ ಮನೆ. ಇಲ್ಲ ಅನ್ನುವ ದಿನ ಅದು ಬ್ಲಾಕ್‌ನ ಬೇಲಿ ಆಗಿರ್ತದೆ, ಅದು ನಮಗೇ ಗೊತ್ತಾಗೋದಿಲ್ಲ.

ಅಣ್ಣನ ವಿಷಯ ಚಾಟ್‌ನಲ್ಲಿ ಇಬ್ಬರು ಕೇಳಿದ್ದಾರೆ. ಫೋನು ಐದನೆಯ ದಿನ ಹತ್ತಿತು. ಅವನು ಚೆನ್ನಾಗಿದ್ದಾನೆ. ಕಳೆದ ರಜೆಯಲ್ಲಿ ಬಂದಾಗ ಈ ಕಾದಂಬರಿಯ ಕಥೆಯನ್ನು ಪೂರ್ತಿ ಹೇಳಿದೆ. ಎಲ್ಲಾ ಕೇಳಿ ಒಂದೇ ಮಾತು ಕೇಳಿದ: "ಆ ಥಾಮ್‌ಗ ಕಡೀಗಿ ಕರೆ ಬಂತೋ ಇಲ್ಲೋ?" ಅದಕ್ಕೂ ಮೊದಲೇ ಕೊಟ್ಟಿಗೆಯಲ್ಲಿ ಅವನ ಕೈ ಎದ್ದಿತ್ತು ಅಂದೆ. ಅಣ್ಣ ಬಹಳ ಹೊತ್ತು ಏನೂ ಮಾತಾಡಲಿಲ್ಲ.